ಅದಿರಿನ ಧೂಳಿನ ಸೀಮೆಯಲ್ಲಿ ಕಾರಿಗೆ ಯಾವ ಸ್ಪ್ರೇ? ಡ್ರೈ ಲ್ಯೂಬ್ ಆರಿಸುವುದು, ಹೊಡೆಯುವುದು ಹೇಗೆ

ಸಂಡೂರಿನಿಂದ ತೋರಣಗಲ್ಲಿನ ಕಡೆಗೆ ಅದಿರು ಲಾರಿಗಳ ಹಿಂದೆ ಓಡಿಬಂದ ಕಾರಿನ ಬಾಗಿಲು ತೆರೆದು, ಹಿಂಜ್ ಇರುವ ಸಂದಿಯಲ್ಲಿ ಒಮ್ಮೆ ಬೆರಳಾಡಿಸಿ. ಆ ಹಿಂಜ್‌ಗೆ ಹಿಂದಿನ ತಿಂಗಳು ಎಣ್ಣೆ ಬಿಟ್ಟಿದ್ದರೆ ಬೆರಳಿಗೆ ಕೆಂಪುಗಪ್ಪು ಲೇಪ ಹತ್ತುತ್ತದೆ. ಎರಡು ಬೆರಳ ನಡುವೆ ತಿಕ್ಕಿ ನೋಡಿದರೆ ಕರಕರ ಎನ್ನುತ್ತದೆ. ಎಣ್ಣೆ ಕಪ್ಪಾಗಿದೆ, ಇನ್ನಷ್ಟು ಬಿಟ್ಟರೆ ಸರಿಹೋಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಆ ಲೇಪ ಈಗ ಎಣ್ಣೆಯ ಕೆಲಸ ಮಾಡುತ್ತಿಲ್ಲ, ಅರದ ಕೆಲಸ ಮಾಡುತ್ತಿದೆ.

ನಮ್ಮ ಭಾಗದ ಅದಿರು ಬಹುಪಾಲು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಇದೇ ಆಕ್ಸೈಡನ್ನು ನುಣ್ಣಗೆ ಮಾಡಿ ಅಕ್ಕಸಾಲಿಗರು ಬಂಗಾರಕ್ಕೆ ಹೊಳಪು ಕೊಡಲು ಬಳಸುತ್ತಾರೆ. ಅದಕ್ಕೆ ರೂಜ್ ಎಂದು ಹೆಸರು. ಮೋಸ್ ಮಾಪನದಲ್ಲಿ ಹೆಮಟೈಟ್‌ನ ಗಡಸುತನ 5.5ರಿಂದ 6.5. ಬಾಗಿಲಿನ ಹಿಂಜ್, ಸೀಟಿನ ರೈಲುಗಳಿಗೆ ಬಳಸುವ ಸಾದಾ ಉಕ್ಕು ಇದಕ್ಕಿಂತ ಮೆದು. ಈ ಪುಡಿಗೆ ಎಣ್ಣೆ ಬೆರೆತರೆ ಉಜ್ಜಿ ಸವೆಸುವ ಪೇಸ್ಟು ತಾನಾಗಿಯೇ ತಯಾರು. ಬಳ್ಳಾರಿಯ ಕಥೆ ಇದಾದರೆ, ರಾಯಚೂರಿನ ಶಕ್ತಿನಗರ, ಯರಮರಸ್ ಕಡೆ ಹಾರುಬೂದಿ. ಕೊಪ್ಪಳದ ಗಿಣಿಗೇರಿ ಸುತ್ತ ಸ್ಪಂಜ್ ಐರನ್ ಕಾರ್ಖಾನೆಗಳ ಕರಿ ಪುಡಿ. ಕುಷ್ಟಗಿ ಕಡೆ ಗ್ರಾನೈಟ್ ಪುಡಿ. ಅದರಲ್ಲಿರುವ ಕ್ವಾರ್ಟ್ಜ್‌ನ ಗಡಸುತನ 7, ಗಾಜನ್ನೂ ಗೀರುತ್ತದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಮಿಲ್ಲುಗಳ ಹೊಟ್ಟಿನ ಬೂದಿಯಲ್ಲೂ ಸಿಲಿಕಾ ತುಂಬಿರುತ್ತದೆ. ಧೂಳು ಯಾವುದೇ ಇರಲಿ, ಅದು ಅಂಟಿಕೊಳ್ಳಲು ಜಿಡ್ಡು ಬೇಕು. ಜಿಡ್ಡೇ ಇಲ್ಲದಂತೆ ಮಾಡುವುದು ಡ್ರೈ ಸ್ಪ್ರೇಯ ಕೆಲಸ.

ಒಂದು ಮಾತು ಮೊದಲೇ ಹೇಳಬೇಕು. ಡ್ರೈ ಸ್ಪ್ರೇ ಎಲ್ಲದಕ್ಕೂ ಮದ್ದಲ್ಲ. ತೆರೆದ ಜಾಗ, ಹಗುರ ಭಾರ, ಧೂಳು ಬೀಳುವ ಕಡೆ ಡ್ರೈ ಸ್ಪ್ರೇ. ಮುಚ್ಚಿದ ಜಾಗ, ಹೆಚ್ಚು ಭಾರ, ಬೇರಿಂಗ್ ಇರುವ ಕಡೆ ಗ್ರೀಸೇ. ತೆರೆದ ಜಾಗಕ್ಕೆ ತೆಳು ಎಣ್ಣೆ ಮಾತ್ರ ನಮ್ಮ ಸೀಮೆಯಲ್ಲಿ ಬೇಡ.

ಡಬ್ಬಿಯೊಳಗೆ ಏನಿರುತ್ತದೆ

ಡ್ರೈ ಸ್ಪ್ರೇಯಲ್ಲಿ ಮೂರು ವಸ್ತು: ಜಾರಿಸುವ ಘನ ಪುಡಿ, ಅದನ್ನು ಹೊತ್ತೊಯ್ಯುವ ದ್ರಾವಕ, ಹೊರಗೆ ತಳ್ಳುವ ಅನಿಲ. ಹೊಡೆದಾಗ ಒದ್ದೆಯಾಗಿಯೇ ಬೀಳುತ್ತದೆ. ಕೆಲ ನಿಮಿಷಗಳಲ್ಲಿ ದ್ರಾವಕ ಆರಿಹೋಗಿ ತೆಳು ಪದರ ಮಾತ್ರ ಉಳಿಯುತ್ತದೆ. ಆ ಪುಡಿ ಯಾವುದು ಎನ್ನುವುದರ ಮೇಲೆ ಆಯ್ಕೆ ನಿಂತಿದೆ.

ಪಿಟಿಎಫ್‌ಇ. ದೋಸೆ ತವಾದ ಟೆಫ್ಲಾನ್ ಇದೇ; 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು. ಬಿಳಿ, ಬಟ್ಟೆಗೆ ಕಲೆ ಮಾಡುವುದಿಲ್ಲ, ವಿದ್ಯುತ್ ಹರಿಸುವುದಿಲ್ಲ, ಪ್ಲಾಸ್ಟಿಕ್ಕಿಗೂ ನಡೆಯುತ್ತದೆ. ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಭಾರ ಹೆಚ್ಚಿದ್ದರೆ ಪದರ ಬೇಗ ಸವೆದುಹೋಗುವುದು ಇದರ ಕೊರತೆ. ಕಾರಿಗೆ ಒಂದೇ ಡಬ್ಬಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಗ್ರಾಫೈಟ್. ಕಪ್ಪು, ಮುಟ್ಟಿದ್ದೆಲ್ಲ ಮಸಿ. ಕೀಲಿಯ ಒಳಭಾಗಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ವಿದ್ಯುತ್ ಹರಿಸುತ್ತದೆ. ವೈರು, ಕನೆಕ್ಟರ್, ಸ್ವಿಚ್ ಹತ್ತಿರ ಸುಳಿಯಬಾರದು. ಅಲ್ಯೂಮಿನಿಯಂ ಮೇಲೆ ಗ್ರಾಫೈಟ್ ಕೂತು ನೀರು ತಗುಲುತ್ತಿದ್ದರೆ ಅಲ್ಯೂಮಿನಿಯಂ ಕೊರೆಯುತ್ತ ಹೋಗುತ್ತದೆ. ಆದ್ದರಿಂದ ಕೀಲಿ ಬಿಟ್ಟು ಬೇರೆಡೆ ಇದನ್ನು ಹೊಡೆಯುವ ಅಗತ್ಯ ಕಾರಿನಲ್ಲಿ ಕಡಿಮೆ.

ಮಾಲಿಬ್ಡಿನಂ ಡೈಸಲ್ಫೈಡ್. ಅಂಗಡಿಗಳಲ್ಲಿ ಮಾಲಿ ಎಂದರೆ ಗೊತ್ತಾಗುತ್ತದೆ. ಬೂದುಗಪ್ಪು ಬಣ್ಣ. ಲೋಹದ ಮೇಲೆ ಲೋಹ ಒತ್ತಿ ಜಾರುವ ಕಡೆ, ಅಂದರೆ ಬಾಗಿಲಿನ ಹಿಂಜ್, ಡಿಕ್ಕಿಯ ಹಿಂಜ್‌ಗೆ ಪಿಟಿಎಫ್‌ಇಗಿಂತ ಹೆಚ್ಚು ಬಾಳುತ್ತದೆ. ಗಾಳಿಯಲ್ಲಿ ಸುಮಾರು 350 ಡಿಗ್ರಿವರೆಗೆ ಕೆಡುವುದಿಲ್ಲ. ಮಾಲಿ ಗ್ರೀಸ್ ಬೇರೆ, ಮಾಲಿ ಡ್ರೈ ಫಿಲ್ಮ್ ಸ್ಪ್ರೇ ಬೇರೆ. ಅಂಗಡಿಯವರು ಒಂದರ ಬದಲು ಇನ್ನೊಂದು ಕೊಡದಂತೆ ನೋಡಿಕೊಳ್ಳಿ.

ಸಿಲಿಕೋನ್. ಇದನ್ನೂ ಡ್ರೈ ಎಂದೇ ಮಾರುತ್ತಾರೆ. ನಿಜವಾಗಿ ಇದು ತೆಳು ಸಿಲಿಕೋನ್ ಎಣ್ಣೆಯ ಪದರ, ಪುಡಿಯಲ್ಲ. ಹೆಚ್ಚು ಹೊಡೆದರೆ ಧೂಳು ಹಿಡಿಯುತ್ತದೆ. ಆದರೂ ರಬ್ಬರಿಗೆ ಹೊಂದುವ ಗುಣದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಬಾಗಿಲಿನ ಬೀಡಿಂಗ್ ರಬ್ಬರ್ ಬಹುಪಾಲು ಇಪಿಡಿಎಂ ಎಂಬ ಕೃತಕ ರಬ್ಬರು. ಪೆಟ್ರೋಲಿಯಂ ಎಣ್ಣೆ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಮನೆಯ ಕೊಬ್ಬರಿ ಎಣ್ಣೆ ಸವರುವುದೂ ಬೇಡ, ನಮ್ಮ ಬಿಸಿಲಿಗೆ ಕೆಲ ವಾರಗಳಲ್ಲೇ ಅಂಟಾಗಿ ನಿಲ್ಲುತ್ತದೆ.

ಇನ್ನು ಎಲ್ಲರ ಮನೆಯಲ್ಲೂ ಇರುವ ನೀಲಿ ಹಳದಿ ಡಬ್ಬಿಯ ಡಬ್ಲ್ಯೂಡಿ-40. 1953ರಲ್ಲಿ ನೀರನ್ನು ಹೊರದೂಡಿ ತುಕ್ಕು ತಡೆಯಲೆಂದು ಮಾಡಿದ ದ್ರಾವಣ ಅದು. ಹೆಸರಿನ ಅರ್ಥವೇ ನೀರು ದೂಡುವ ನಲವತ್ತನೆಯ ಸೂತ್ರ. ಬಿಗಿದ ನಟ್ ಬಿಡಿಸಲು, ತುಕ್ಕು ತೆಗೆಯಲು ಬಹಳ ಚೆಂದ. ಆದರೆ ತೆಳು ಎಣ್ಣೆ ಉಳಿಸುತ್ತದೆ, ಡ್ರೈ ಅಲ್ಲ. ಅದೇ ಕಂಪನಿಯ ಡ್ರೈ ಪಿಟಿಎಫ್‌ಇ ಡಬ್ಬಿ ಬೇರೆ ಇದೆ, ಹೆಸರು ನೋಡಿ ಕೊಳ್ಳಬೇಕು.

ಕೊಳ್ಳುವಾಗ

ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಡಬ್ಬಿ ತಿರುಗಿಸಿ. ಪಿಟಿಎಫ್‌ಇ, ಗ್ರಾಫೈಟ್, ಮಾಲಿಬ್ಡಿನಂ ಇವುಗಳಲ್ಲಿ ಒಂದರ ಹೆಸರು ಇರಬೇಕು. ಮಲ್ಟಿಪರ್ಪಸ್ ಎಂದಷ್ಟೇ ಬರೆದು ಒಳಗಿನ ವಸ್ತು ಹೇಳದಿದ್ದರೆ ಅದು ತೆಳು ಎಣ್ಣೆಯೇ ಇರುವ ಸಂಭವ ಹೆಚ್ಚು. ರಬ್ಬರ್, ಪ್ಲಾಸ್ಟಿಕ್ಕಿಗೆ ಸುರಕ್ಷಿತ ಎಂದು ಬರೆದಿದೆಯೇ, ಆರಲು ಎಷ್ಟು ಹೊತ್ತು, ತಯಾರಾದ ತಿಂಗಳು ಯಾವುದು ಎಂದೂ ನೋಡಿ. ಡಬ್ಬಿ ಅಲುಗಿಸಿದಾಗ ಒಳಗಿನ ಗುಂಡು ಸರಾಗವಾಗಿ ಸದ್ದು ಮಾಡಬೇಕು. ಗುಂಡು ಇರುವ ಡಬ್ಬಿಯಲ್ಲೂ ಸದ್ದೇ ಬರದಿದ್ದರೆ ಪುಡಿ ತಳದಲ್ಲಿ ಗಟ್ಟಿಯಾಗಿದೆ ಎಂದರ್ಥ. ತೆಳು ನಳಿಗೆ ಜೊತೆಗಿಲ್ಲದ ಡಬ್ಬಿ ಕೀಲಿಗೂ ಹಿಂಜ್‌ಗೂ ಉಪಯೋಗಕ್ಕೆ ಬಾರದು.

ತಂದ ಮೇಲೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸ್ಟೀಲ್ ತಟ್ಟೆಯ ಬೆನ್ನಿಗೆ ಒಂದು ಸೆಕೆಂಡು ಹೊಡೆದು 15 ನಿಮಿಷ ಬಿಡಿ. ಬೆರಳಿಟ್ಟರೆ ಜಾರಬೇಕು, ಜಿಡ್ಡು ಹತ್ತಬಾರದು. ಆಮೇಲೆ ಅಂಗಳದ ಒಣ ಮಣ್ಣು ಒಂದು ಚಿಟಿಕೆ ಉದುರಿಸಿ, ತಟ್ಟೆ ಓರೆ ಮಾಡಿ ಹಿಂದಿನಿಂದ ತಟ್ಟಿ. ಮಣ್ಣು ಉದುರಿಬಿದ್ದರೆ ಅದು ಡ್ರೈ. ಕೆಸರಿನ ಗೆರೆಯಂತೆ ಅಂಟಿ ನಿಂತರೆ ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದನ್ನು ಬಾಗಿಲಿಗೆ ಹೊಡೆಯಬೇಡಿ.

ಹೊಡೆಯುವ ಕ್ರಮ

ಡ್ರೈ ಸ್ಪ್ರೇ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಬಹುಪಾಲು ಜನ ಹಳೆಯ ಗ್ರೀಸಿನ ಮೇಲೇ ಹೊಡೆದಿರುತ್ತಾರೆ. ಜಿಡ್ಡಿನ ಮೇಲೆ ಪುಡಿ ಹಿಡಿಯುವುದಿಲ್ಲ, ಜಿಡ್ಡಿನೊಳಗೆ ಮುಳುಗಿ ಹೋಗುತ್ತದೆ. ಹೀಗಾಗಿ ಒಟ್ಟು ಸಮಯದ ಮುಕ್ಕಾಲು ಪಾಲು ಸ್ವಚ್ಛತೆಗೇ ಕೊಡಬೇಕು.

1. ಎಂಜಿನ್ ಆರಿಸಿ, ಕಾರನ್ನು ನೆರಳಿಗೆ ತನ್ನಿ. ಬಿಸಿಲಲ್ಲಿ ಕಾದ ಲೋಹಕ್ಕೆ ಹೊಡೆದರೆ ದ್ರಾವಕ ಹರಡುವ ಮೊದಲೇ ಆರಿ, ಪುಡಿ ಉಂಡೆ ಉಂಡೆಯಾಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 8ರೊಳಗೆ ಮುಗಿಸಿ.

2. ಒಣ ಬ್ರಷ್‌ನಿಂದ ಮೊದಲು ಧೂಳು ಉದುರಿಸಿ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಪಂಕ್ಚರ್ ಅಂಗಡಿಯ ಗಾಳಿ ಹಿಡಿಸುವುದಾದರೆ ಒಳಗಿನಿಂದ ಹೊರಕ್ಕೆ ಹಿಡಿಸಿ, ಕಣ್ಣಿಗೆ ಕನ್ನಡಕ ಇರಲಿ.

3. ಜಿಡ್ಡು ತೆಗೆಯಿರಿ. ಸೀಮೆಎಣ್ಣೆ, ಡೀಸೆಲ್ ತೊಳೆಯುತ್ತವೆ ನಿಜ, ಆದರೆ ತಾವೇ ಜಿಡ್ಡು ಬಿಟ್ಟುಹೋಗುತ್ತವೆ. ಕೊನೆಯ ಒರೆಸು ಬ್ರೇಕ್ ಕ್ಲೀನರ್‌ನಲ್ಲೋ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲೋ ಆಗಲಿ. ಬ್ರೇಕ್ ಕ್ಲೀನರ್ ಪೇಂಟ್, ಪ್ಲಾಸ್ಟಿಕ್ ಕೆಡಿಸಬಲ್ಲದು. ಬಟ್ಟೆಗೆ ಹೊಡೆದುಕೊಂಡು ಆ ಬಟ್ಟೆಯಿಂದ ಒರೆಸಿ. ಬಟ್ಟೆ ಹಳೆಯ ಬನಿಯನ್ ಇರಲಿ. ಬಳ್ಳಾರಿಯಲ್ಲಿ ಸುಲಭವಾಗಿ ಸಿಗುವ ಜೀನ್ಸ್ ಕಟಿಂಗ್ ಬೇಡ, ಅಂಚಿನಿಂದ ನೂಲು ಬಿಟ್ಟು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ.

4. ಪೂರ್ತಿ ಒಣಗಲು 10 ನಿಮಿಷ ಬಿಡಿ. ಡ್ರೈ ಸ್ಪ್ರೇ ನೀರನ್ನು ಹೊರದೂಡುವುದಿಲ್ಲ. ಕಾರು ತೊಳೆದ ಕೂಡಲೇ ಹೊಡೆದರೆ ಪದರದ ಕೆಳಗೆ ನೀರು ಉಳಿದು ತುಕ್ಕು ಹಿಡಿಯುತ್ತದೆ.

5. ಡಬ್ಬಿಯನ್ನು, ಗುಂಡಿನ ಸದ್ದು ಶುರುವಾದ ಮೇಲೆ, ಪೂರ್ತಿ ಒಂದು ನಿಮಿಷ ಅಲುಗಿಸಿ. ಪುಡಿ ತಳದಲ್ಲಿ ಕೂತಿರುತ್ತದೆ. ಅಲುಗಿಸದೆ ಹೊಡೆದರೆ ಬರುವುದು ಬರೀ ದ್ರಾವಕ, ಇದ್ದ ಜಾರಿಕೆಯನ್ನೂ ತೊಳೆದು ಹಾಕುತ್ತದೆ. ಕೆಲಸದ ನಡುವೆಯೂ ಆಗಾಗ ಅಲುಗಿಸುತ್ತಿರಿ.

6. ಅಗಲ ಜಾಗಕ್ಕೆ 15ರಿಂದ 20 ಸೆಂಟಿಮೀಟರ್ ದೂರದಿಂದ, ಸಂದಿಗೆ ನಳಿಗೆಯಿಂದ, ಒಂದು ಸೆಕೆಂಡು. ಹಿಂದೆ ಒಂದು ರಟ್ಟು ಅಡ್ಡ ಹಿಡಿಯಿರಿ. ಒದ್ದೆಯಾಗಿ ಹರಿಯುತ್ತಿದೆ ಎಂದರೆ ಹೆಚ್ಚಾಯಿತು.

7. 5ರಿಂದ 10 ನಿಮಿಷ ಆರಲು ಬಿಟ್ಟು ಆ ಭಾಗವನ್ನು ಹತ್ತು ಸಲ ಆಡಿಸಿ. ಮತ್ತೊಂದು ತೆಳು ಪದರ. ಒಂದು ದಪ್ಪ ಪದರಕ್ಕಿಂತ ಎರಡು ತೆಳು ಪದರ ಹೆಚ್ಚು ದಿನ ನಿಲ್ಲುತ್ತವೆ.

8. ಕೊನೆಗೆ ಡಬ್ಬಿ ತಲೆಕೆಳಗು ಹಿಡಿದು ಬರೀ ಅನಿಲ ಬರುವವರೆಗೆ ಒತ್ತಿ. ನಳಿಗೆಯಲ್ಲಿ ಪುಡಿ ಉಳಿದರೆ ಮುಂದಿನ ಸಲ ಕಟ್ಟಿಕೊಂಡಿರುತ್ತದೆ.

ಯಾವ ಭಾಗಕ್ಕೆ ಯಾವುದು

ಬಾಗಿಲಿನ ಕೀಲಿ. ರಿಮೋಟ್ ಬಂದ ಮೇಲೆ ಕೀಲಿಕೈ ಹಾಕುವವರೇ ಇಲ್ಲ. ವರ್ಷಗಟ್ಟಲೆ ಧೂಳು ಕೂತು ಒಳಗಿನ ಹಿತ್ತಾಳೆ ಪಟ್ಟಿಗಳು ಅಂಟಿಕೊಂಡಿರುತ್ತವೆ. ಬ್ಯಾಟರಿ ಪೂರ್ತಿ ಇಳಿದ ದಿನವೇ ಕೀಲಿಕೈ ಬೇಕಾಗುವುದು, ಅಂದೇ ಅದು ತಿರುಗುವುದಿಲ್ಲ. ನಳಿಗೆಯಿಂದ ಬ್ರೇಕ್ ಕ್ಲೀನರ್ ಅರೆ ಸೆಕೆಂಡು ಬಿಡಿ, ಕೆಳಗೆ ಬಟ್ಟೆ ಹಿಡಿದಿರಿ. ಕೀಲಿಕೈ ಹಾಕಿ ತೆಗೆದು ಒರೆಸಿ, ಮಸಿ ಬರುವುದು ನಿಲ್ಲುವವರೆಗೆ ಹೀಗೇ ಮಾಡಿ. ಒಣಗಿದ ಮೇಲೆ ಗ್ರಾಫೈಟ್ ಅರೆ ಸೆಕೆಂಡು ಹೊಡೆದು ಕೀಲಿಕೈಯನ್ನು ಹತ್ತು ಸಲ ತಿರುಗಿಸಿ. ಹಿಂದೆ ಎಣ್ಣೆ ಬಿಟ್ಟ ಕೀಲಿಯಾದರೆ ತೊಳೆಯದೆ ಗ್ರಾಫೈಟ್ ಹಾಕಲೇಬೇಡಿ. ಎಣ್ಣೆ, ಗ್ರಾಫೈಟ್, ಅದಿರು ಮೂರೂ ಸೇರಿದರೆ ಕೀಲಿ ಬಿಚ್ಚಿಯೇ ತೊಳೆಯಬೇಕಾಗುತ್ತದೆ. ಆಮೇಲೆ ತಿಂಗಳಿಗೊಮ್ಮೆ ಸುಮ್ಮನೆ ಕೀಲಿಕೈ ಹಾಕಿ ತಿರುಗಿಸಿದರೆ ಸಾಕು. ಸ್ಪ್ರೇ ಸಿಗದ ಊರಲ್ಲಿ 6ಬಿ ಪೆನ್ಸಿಲನ್ನು ಕೀಲಿಕೈಯ ಹಲ್ಲುಗಳಿಗೆ ಗೀಚಿ ಬಳಸಬಹುದು, ಆದರೆ ಪೆನ್ಸಿಲ್ ಕಡ್ಡಿಯಲ್ಲಿ ಜೇಡಿಯೂ ಇರುವುದರಿಂದ ಅದು ತಾತ್ಕಾಲಿಕ. ಇಗ್ನಿಷನ್ ಕೀಲಿಗೆ ಮಾತ್ರ ಗ್ರಾಫೈಟ್ ಬೇಡ, ಅದರ ಹಿಂದೆ ವಿದ್ಯುತ್ ಸ್ವಿಚ್ ಇದೆ. ಅಲ್ಲಿ ಕೀಲಿಕೈಗೆ ಪಿಟಿಎಫ್‌ಇ ಸವರಿ, ಆರಿದ ಮೇಲೆ ಹಾಕಿ ತೆಗೆಯಿರಿ.

ಹಿಂಜ್. ಸ್ವಚ್ಛ ಮಾಡಿ, ಪಿನ್ನಿನ ಮೇಲಿನ ಸಂದಿಗೆ ನಳಿಗೆಯಿಂದ ಮಾಲಿ ಡ್ರೈ ಫಿಲ್ಮ್ ಹೊಡೆಯಿರಿ, ಗುರುತ್ವದಿಂದ ಕೆಳಗಿಳಿಯುತ್ತದೆ. ಬಾಗಿಲನ್ನು ಹದಿನೈದು ಸಲ ಆಡಿಸಿ, ಮತ್ತೊಮ್ಮೆ ಹೊಡೆಯಿರಿ. ಬಾಗಿಲನ್ನು ಅರ್ಧಕ್ಕೆ ತಡೆದು ನಿಲ್ಲಿಸುವ ಪಟ್ಟಿಯ ಮೇಲೆ ಒತ್ತಡ ಹೆಚ್ಚು, ಡ್ರೈ ಪದರ ಅಲ್ಲಿ ವಾರದೊಳಗೆ ಸವೆಯುತ್ತದೆ. ಅದಕ್ಕೆ ಗ್ರೀಸೇ ಸರಿ, ಆದರೆ ತೆಳುವಾಗಿ, ಹಳೆಯದನ್ನು ಒರೆಸಿ.

ಬಾಗಿಲಿನ ಲ್ಯಾಚ್. ಇಲ್ಲಿ ತಪ್ಪು ಮಾಡುವವರು ಬಹಳ. ಲ್ಯಾಚ್ ಒಳಗೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿರುತ್ತಾರೆ. ನಳಿಗೆ ಒಳಗೆ ತೂರಿಸಿ ಡ್ರೈ ಸ್ಪ್ರೇ ಬಿಟ್ಟರೆ ದ್ರಾವಕ ಆ ಗ್ರೀಸನ್ನು ಕರಗಿಸಿ ಹೊರಗೆ ತರುತ್ತದೆ, ಕೆಲ ತಿಂಗಳಲ್ಲಿ ಲ್ಯಾಚ್ ಬಿಗಿಯುತ್ತದೆ. ಹೊರಗೆ ಕಾಣುವ ಕೊಕ್ಕೆಯನ್ನಷ್ಟೇ ಒರೆಸಿ ಬಿಳಿ ಲಿಥಿಯಂ ಗ್ರೀಸ್ ಕಡಲೆಕಾಳಿನಷ್ಟು ಹಚ್ಚಿ. ಎದುರಿನ ಕಂಬಿಗೆ ಬೇಕಾದರೆ ಪಿಟಿಎಫ್‌ಇ. ಬಾನೆಟ್ ಲ್ಯಾಚಿಗೂ ಇದೇ ಮಾತು. ಅದು ರೇಡಿಯೇಟರ್ ಮುಂದೆ ಧೂಳಿಗೆ ನೇರವಾಗಿ ಒಡ್ಡಿಕೊಂಡಿರುತ್ತದೆ, ಎರಡು ತಿಂಗಳಿಗೊಮ್ಮೆ ಒರೆಸಿ ಹೊಸ ಗ್ರೀಸ್ ಹಚ್ಚಬೇಕು.

ಗಾಜಿನ ಚಾನೆಲ್. ಗಾಜು ನಿಧಾನವಾಗಿ ಏರುತ್ತಿದೆ ಎಂದು ಪವರ್ ವಿಂಡೋ ಮೋಟಾರನ್ನೇ ಬದಲಿಸುವವರಿದ್ದಾರೆ. ಅದಕ್ಕೂ ಮೊದಲು ರಬ್ಬರ್ ಚಾನೆಲ್ ನೋಡಿ. ಗಾಜು ಪೂರ್ತಿ ಇಳಿಸಿ, ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ, ಶಾಂಪೂ ನೀರಿನಲ್ಲಿ ಅದ್ದಿ ಚಾನೆಲ್ ಉದ್ದಕ್ಕೂ ಎಳೆಯಿರಿ. ಬಟ್ಟೆ ಕೆಂಪಾಗುವುದು ನಿಲ್ಲುವವರೆಗೆ. ಗಾಜಿನ ಹೊರಮೈಗೆ ಒತ್ತಿ ನಿಲ್ಲುವ ಅಡ್ಡ ರಬ್ಬರನ್ನು ಇನ್ನೂ ಎಚ್ಚರಿಕೆಯಿಂದ ಒರೆಸಿ. ಗಾಜಿನ ಮೇಲೆ ಕಾಣುವ ಉದ್ದುದ್ದ ಗೀರುಗಳು ಅಲ್ಲಿ ಸಿಕ್ಕಿಕೊಂಡ ಕಣಗಳಿಂದಲೇ ಆಗುವುದು. ಒಣಗಿದ ಮೇಲೆ ಚಾನೆಲ್ ಒಳಗೆ ಸಿಲಿಕೋನ್ ಸ್ಪ್ರೇ, ಒಂದೊಂದು ಬದಿಗೆ ಎರಡು ಸೆಕೆಂಡು. ಗಾಜನ್ನು ಐದು ಸಲ ಏರಿಸಿ ಇಳಿಸಿ, ಗಾಜಿನ ಮೇಲೆ ಹತ್ತಿದ್ದನ್ನು ಒರೆಸಿ. ಉಳಿದ ಬೀಡಿಂಗ್‌ಗೆ ನೇರವಾಗಿ ಹೊಡೆಯದೆ ಬಟ್ಟೆಗೆ ಹೊಡೆದು ಸವರಿ. ಮುಂದಿನ ಗಾಜಿಗೆ ಸಿಲಿಕೋನ್ ತಗುಲಿದರೆ ರಾತ್ರಿ ಎದುರು ಗಾಡಿಯ ಬೆಳಕು ಹರಡಿ ದಾರಿಯೇ ಕಾಣುವುದಿಲ್ಲ.

ಸೀಟಿನ ರೈಲು. ಸೀಟು ಪೂರ್ತಿ ಮುಂದೆ, ಆಮೇಲೆ ಪೂರ್ತಿ ಹಿಂದೆ ತಳ್ಳಿ ಎರಡೂ ತುದಿ ವ್ಯಾಕ್ಯೂಮ್ ಮಾಡಿ. ಕಲ್ಲಹರಳು, ಚುರುಮುರಿ, ಚಿಲ್ಲರೆ ನಾಣ್ಯ ಇಲ್ಲೇ ಅಡಗಿರುತ್ತವೆ. ಕೆಳಗೆ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ವ್ಯವಸ್ಥೆಯದು. ಬಿಚ್ಚಬೇಡಿ, ಅದರ ಮೇಲೆ ಏನೂ ಹೊಡೆಯಬೇಡಿ. ಕಾರ್ಪೆಟ್ ಮೇಲೆ ಪೇಪರ್ ಹಾಸಿ, ರೈಲಿನ ಜಾರುವ ಮೈಗೆ ಪಿಟಿಎಫ್‌ಇ. ನಾಲ್ಕೂ ಬಾಗಿಲು ತೆರೆದಿರಲಿ.

ಈಕೊ, ಓಮ್ನಿ ಜಾರುಬಾಗಿಲು. ಶಾಲೆ ಮಕ್ಕಳನ್ನು, ಸಂತೆ ಸಾಮಾನನ್ನು ಸಾಗಿಸುವ ಈ ಗಾಡಿಗಳಲ್ಲಿ ದಿನಕ್ಕೆ ಎಷ್ಟೋ ಸಲ ಬಾಗಿಲು ಎಳೆಯುತ್ತಾರೆ. ರೈಲಿಗೆ ಗ್ರೀಸ್ ಬಳಿದಷ್ಟೂ ಮಣ್ಣು ತುಂಬಿ ರೋಲರ್ ಉರುಳದೆ ಉಜ್ಜುತ್ತದೆ, ಒಂದು ಬದಿ ಚಪ್ಪಟೆಯಾಗುತ್ತದೆ. ಮೇಲಿನ, ನಡುವಿನ, ಕೆಳಗಿನ ರೈಲುಗಳನ್ನು ಲೋಹ ಕಾಣುವವರೆಗೆ ಒರೆಸಿ ಪಿಟಿಎಫ್‌ಇ ಹೊಡೆಯಿರಿ. ಗ್ರೀಸ್ ಬೇಕಿರುವುದು ರೋಲರಿನ ಅಚ್ಚಿಗೆ, ಒಂದು ಹನಿಯಷ್ಟು. ಎರೆ ಹೊಲದ ದಾರಿಯಲ್ಲಿ ಮಳೆಗಾಲದಲ್ಲಿ ಓಡುವ ಗಾಡಿಯಾದರೆ ಕೆಳಗಿನ ರೈಲನ್ನು ವಾರಕ್ಕೊಮ್ಮೆ ನೀರು ಬಿಟ್ಟು ತೊಳೆಯಲೇಬೇಕು. ಎರೆ ಮಣ್ಣು ಒಣಗಿದರೆ ಉಳಿಯಿಂದ ಕೆತ್ತಬೇಕಾಗುತ್ತದೆ.

ಪೆಟ್ರೋಲ್ ಮುಚ್ಚಳದ ಹಿಂಜ್, ಗ್ಲೋವ್ ಬಾಕ್ಸ್, ಕಿರುಗುಟ್ಟುವ ಡ್ಯಾಶ್‌ಬೋರ್ಡ್ ಸಂದಿ: ಎಲ್ಲಕ್ಕೂ ಪಿಟಿಎಫ್‌ಇ, ಅರೆ ಸೆಕೆಂಡು.

ಎಲ್ಲಿ ಹೊಡೆಯಲೇಬಾರದು

ಬ್ರೇಕ್ ಡಿಸ್ಕ್, ಪ್ಯಾಡ್, ಡ್ರಮ್ ಹತ್ತಿರಕ್ಕೂ ಒಯ್ಯಬೇಡಿ. ಚೀರುವ ಬ್ರೇಕಿಗೆ ಸ್ಪ್ರೇ ಹೊಡೆದರೆ ಸದ್ದು ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಕ್ಯಾಲಿಪರ್ ಪಿನ್ನಿಗೆ ಅದಕ್ಕೆಂದೇ ಇರುವ ಸಿಲಿಕೋನ್ ಬ್ರೇಕ್ ಗ್ರೀಸ್ ಬೇಕು. ಸ್ಟೀರಿಂಗ್ ಚಕ್ರ, ಪೆಡಲ್, ಕಾಲುಹಾಸು, ಟೈರು, ಸೀಟ್ ಬೆಲ್ಟಿನ ಪಟ್ಟಿ ಯಾವುದಕ್ಕೂ ಬೇಡ. ಫ್ಯಾನ್ ಬೆಲ್ಟ್ ಕಿರುಚಿದರೆ ಬಿಗಿತ ನೋಡಿ, ಬೆಲ್ಟ್ ಬದಲಿಸಿ; ಜಾರಿಸುವ ವಸ್ತು ಹಾಕಿದರೆ ಇನ್ನಷ್ಟು ಜಾರುತ್ತದೆ. ಚಕ್ರದ ಬೇರಿಂಗ್, ಆಕ್ಸಲ್ ಜಾಯಿಂಟಿಗೆ ಗ್ರೀಸ್ ಬಿಟ್ಟು ಬೇರೆ ಇಲ್ಲ. ಬ್ಯಾಟರಿ ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ. ಆಕ್ಸಿಜನ್ ಸೆನ್ಸರ್ ಹತ್ತಿರ ಸಿಲಿಕೋನ್ ಬಳಸಿದರೆ ಸೆನ್ಸರ್ ಕೆಡುತ್ತದೆ. ಡೆಂಟಿಂಗ್ ಪೇಂಟಿಂಗ್ ಮಾಡಿಸುವ ಯೋಚನೆ ಇದ್ದರೆ ಆ ಬದಿಗೆ ಸಿಲಿಕೋನ್ ಮುಟ್ಟಿಸಬೇಡಿ, ಹೊಸ ಪೇಂಟ್ ಮೀನಿನ ಕಣ್ಣಿನಂತೆ ಕುಳಿ ಕುಳಿಯಾಗಿ ಏಳುತ್ತದೆ. ಹೊಡೆದಿದ್ದರೆ ಪೇಂಟರಿಗೆ ಮೊದಲೇ ಹೇಳಿಬಿಡಿ.

ಡಬ್ಬಿಯ ಬಗ್ಗೆ ಎಚ್ಚರ

ಬಹುಪಾಲು ಡಬ್ಬಿಗಳಲ್ಲಿ ತಳ್ಳುವ ಅನಿಲ ಅಡುಗೆ ಅನಿಲದ ಜಾತಿಯದೇ, ಪ್ರೊಪೇನ್ ಮತ್ತು ಬ್ಯುಟೇನ್. ದ್ರಾವಕವೂ ಹೊತ್ತಿಕೊಳ್ಳುವಂಥದು. 50 ಡಿಗ್ರಿ ಮೀರಿದ ಬಿಸಿಗೆ ಒಡ್ಡಬಾರದು ಎಂದು ಡಬ್ಬಿಯ ಮೇಲೆಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಹೊರಗೇ 40 ದಾಟುತ್ತದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 60 ದಾಟುವುದು ಸುಲಭ, ಡ್ಯಾಶ್‌ಬೋರ್ಡ್ ಮೇಲೆ ಇನ್ನೂ ಹೆಚ್ಚು. ಗ್ಲೋವ್ ಬಾಕ್ಸಿನಲ್ಲೋ ಡಿಕ್ಕಿಯಲ್ಲೋ ಡಬ್ಬಿ ಇಟ್ಟುಕೊಂಡು ಓಡಾಡಿದರೆ ಅದು ಸಿಡಿಯಬಹುದು. ಮನೆಯ ತಂಪು ಮೂಲೆಯಲ್ಲಿಡಿ. ಖಾಲಿಯಾದ ಡಬ್ಬಿಗೆ ತೂತು ಹೊಡೆಯಬೇಡಿ, ಕಸದ ಬೆಂಕಿಗೆ ಎಸೆಯಬೇಡಿ.

ಪಿಟಿಎಫ್‌ಇ ಕೈಗೆ ಹತ್ತಿದ್ದರೆ ಸೋಪಿನಲ್ಲಿ ತೊಳೆಯುವವರೆಗೆ ಬೀಡಿ, ಸಿಗರೇಟ್ ಮುಟ್ಟಬಾರದು. ಬೆರಳಿನಿಂದ ಬೀಡಿಗೆ ಹತ್ತಿ ಉರಿದಾಗ ಬರುವ ಹೊಗೆ ಜ್ವರ, ಎದೆ ಬಿಗಿತ ತರುತ್ತದೆ.

ಎಷ್ಟು ದಿನಕ್ಕೊಮ್ಮೆ

ಗಣಿ ದಾರಿಯಲ್ಲಿ ದಿನವೂ ಓಡುವ ಕಾರಿಗೆ ಮೂರು ತಿಂಗಳಿಗೊಮ್ಮೆ, ಊರೊಳಗಿನ ಕಾರಿಗೆ ಆರು ತಿಂಗಳಿಗೊಮ್ಮೆ. ಯುಗಾದಿ ಹೊತ್ತಿಗೆ ಒಂದು ಸಲ, ಮಳೆ ಮುಗಿದು ಆಯುಧಪೂಜೆಗೆ ಗಾಡಿ ತೊಳೆಯುವಾಗ ಇನ್ನೊಂದು ಸಲ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಆದರೆ ಪೂಜೆಗೆ ತೊಳೆದ ದಿನವೇ ಬೇಡ, ಹಿಂದಿನ ದಿನ ತೊಳೆದು ಒಣಗಿಸಿಟ್ಟಿರಿ.

ಇಷ್ಟೆಲ್ಲ ಮಾಡಿದ ಮೇಲೂ ಬಾಗಿಲು ಕಿರುಗುಟ್ಟಿದರೆ ಇನ್ನೊಂದು ಪದರ ಹೊಡೆಯಲು ಹೋಗಬೇಡಿ. ಬಾಗಿಲನ್ನು ಅರ್ಧ ತೆರೆದು, ತುದಿಯ ಕೆಳ ಅಂಚಿಗೆ ಕೈ ಕೊಟ್ಟು ಮೇಲಕ್ಕೆ ಎತ್ತಿ ನೋಡಿ. ಹಿಂಜ್ ಬಳಿ ಕಣ್ಣಿಗೆ ಕಾಣುವಷ್ಟು ಅಲುಗಿದರೆ ಪಿನ್ನೋ ಬುಷ್ಷೋ ಸವೆದಿದೆ. ಸವೆದ ಲೋಹವನ್ನು ಯಾವ ಸ್ಪ್ರೇಯೂ ತುಂಬುವುದಿಲ್ಲ. ಗ್ಯಾರೇಜಿನಲ್ಲಿ ಪಿನ್, ಬುಷ್ ಹಾಕಿಸಿ. ಬಿಡಿಯಾಗಿ ಸಿಗದಿದ್ದರೆ ಹಿಂಜನ್ನೇ ಬದಲಿಸಿ. ಹೊಸ ಪಿನ್ ಕೂರಿಸುವಾಗಲೇ ಮೊದಲ ಮಾಲಿ ಪದರ ಹೊಡೆಸಿಬಿಡಿ.